ಅವ್ವನ ಕೋಳಿ, ಪಟಾನ್‌ಚೆರುವಿನ ತತ್ತಿ

ಕೋಳಿ ನೋಡುವ ಮೊದಲು ತಲೆಗೆ ನೀರು ಹಾಕಿಕೊಳ್ಳಬೇಕು ಎಂದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹೈದರಾಬಾದಿನ ಹತ್ತಿರ, ಪಟಾನ್‌ಚೆರುವಿನ ಕೋಳಿ ಸಾಕಣೆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಅದು. ನಮ್ಮ ಸಿಂದಗಿ ಕಡೆ ದೇವರ ಜಗಲಿಗೆ ಮಡಿ; ಇಲ್ಲಿ ಕೋಳಿಮನೆಗೆ. ಸ್ನಾನ ಮಾಡಿ, ಬಳೆ, ಕಾಲುಂಗುರ ತೆಗೆದಿಟ್ಟು, ಅವರು ಕೊಟ್ಟ ಅಂಗಿ ತೊಟ್ಟು ಒಳಗೆ ಹೋದೆ. ಬಿಳಿ ಕೋಳಿಗಳೆಲ್ಲ ಕತ್ತು ಓರೆ ಮಾಡಿ, ಹೆಣ್ಣು ನೋಡಲು ಬಂದ ಬೀಗರ ಹಾಗೆ ನನ್ನನ್ನು ನೋಡಿದವು.

ಗಂಡನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಇರುವುದು ಬಾಡಿಗೆಯ ಒಂದೇ ಕೋಣೆ. ಮೊದಲ ತಿಂಗಳು ಗೋಡೆಯ ಜೊತೆ ಕನ್ನಡ ಮಾತಾಡಿದ್ದೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಂದು ದಿನ ರೊಟ್ಟಿ ಬಡಿಯುವ ಸದ್ದು ಕೇಳಿ ಮನೆಯೊಡತಿ ಬಂದು, "ಜೊನ್ನ ರೊಟ್ಟೆನಾ?" ಎಂದರು. ಜೊನ್ನ ಎಂದರೆ ಜೋಳ. ಅಂದಿನಿಂದ ನಮ್ಮ ರೊಟ್ಟಿ ಅತ್ತ, ಅವರ ಗೋಂಗೂರ ಇತ್ತ. ಗೋಂಗೂರ ಬೇರೇನಲ್ಲ, ನಮ್ಮ ಪುಂಡಿ ಪಲ್ಯವೇ.

ನಮ್ಮ ಕೋಳಿಗಳ ತತ್ತಿ ತಿನ್ನಲಿಕ್ಕಲ್ಲ. ಅವು ಲಸಿಕೆ ಸಂಶೋಧನೆ ಮಾಡುವವರಿಗೆ ಹೋಗುತ್ತವೆ. ಅದಕ್ಕೇ ಈ ಮಡಿ. ಕೋಳಿಗಳಿಗೆ ಲ್ಯೂಕೋಸಿಸ್ ಎಂಬ ರೋಗ ತರುವ ರೆಟ್ರೊವೈರಸ್ ಒಂದಿದೆ. ಬಾಡಿಗೆಗೆ ಬಂದವನು ಮನೆಪತ್ರದಲ್ಲೇ ತನ್ನ ಹೆಸರು ಬರೆಸಿಕೊಂಡಂತೆ, ಅದು ಜೀವಕಣದ ವಂಶವಾಹಿಯೊಳಗೇ ಸೇರಿಬಿಡುತ್ತದೆ. ಕೋಳಿ ಆರಾಮಾಗಿಯೇ ಕಾಣುತ್ತದೆ; ರೋಗ ಮಾತ್ರ ತತ್ತಿಯಿಂದ ಮರಿಗೆ ದಾಟುತ್ತದೆ. ಅಂಥ ತತ್ತಿಯಲ್ಲಿ ಲಸಿಕೆ ಬೆಳೆಸಿದರೆ ಲಸಿಕೆಯೂ ಕೆಟ್ಟಂತೆ. ಹಾಗಾಗಿ ನಾವು ಮನೆಯಲ್ಲಿ ಕೋಳಿ ಸಾಕುವಂತಿಲ್ಲ. ಪ್ರತಿ ಸೋಮವಾರ ಒಂದು ಹಾಳೆಯಲ್ಲಿ, ಬೇರೆ ಕೋಳಿ ಮುಟ್ಟಿದ್ದೀರಾ ಎಂಬುದಕ್ಕೆ ಉತ್ತರ ಬರೆಯಬೇಕು. ಮುಟ್ಟಿದ್ದರೆ ಐದು ದಿನ ಒಳಗೆ ಬಿಡುವುದಿಲ್ಲ.

ಸಂಕ್ರಾಂತಿಗೆ ತವರಿಗೆ ಹೋಗಿದ್ದೆ. ಅವ್ವ ಹನ್ನೊಂದು ತತ್ತಿ ಕೂಡಿಟ್ಟು ನನಗಾಗಿಯೇ ಕಾದಿದ್ದಳು. ತವರಿಗೆ ಬಂದ ಮಗಳ ಕೈಯಿಂದ ಕಾವಿಗೆ ಕೂಡಿಸಿದರೆ ಒಂದೂ ಕೆಡುವುದಿಲ್ಲ ಎಂದು ನಮ್ಮ ಮನೆಯ ನಂಬಿಕೆ.

"ನಿನ್ನ ಕೈಗುಣ ಭಾಳ ಛಲೋ ಐತಿ, ನೀನ ಕೂಡ್ಸು ಯವ್ವಾ" ಎಂದಳು.

ಕೆಂಪು ಕೋಳಿಯನ್ನು ಎತ್ತಿ, ಎದೆಗಪ್ಪಿ, ತತ್ತಿಗಳ ಮೇಲೆ ಕೂಡಿಸಿದೆ. ಸೋಮವಾರ ಹಾಳೆಯಲ್ಲಿ "ಇಲ್ಲ" ಎಂದು ಬರೆದೆ. ನಿಯಮ ಗೊತ್ತಿರಲಿಲ್ಲ ಎಂದಲ್ಲ. ಅದೆಲ್ಲ ಸಂತೆಯ ಕೋಳಿಗೆ, ಅವ್ವನ ಕೋಳಿಗೆ ಎಲ್ಲಿಯ ರೋಗ ಎಂಬ ಸೊಕ್ಕು.

ಮೂರು ವಾರದ ಮೇಲೆ ಅವ್ವ ಫೋನ್ ಮಾಡಿದಳು. "ಹನ್ನೊಂದೂ ಒಡದು ಮರಿ ಆದ್ವು! ಆದ್ರ ಕೆಂಪು ಕೋಳಿ ಸೊರಗಿತ್ತು, ಕೊಯ್ದ್ವಿ. ಅದರ ಕಲೀಜ ಇಷ್ಟ್ ದೊಡ್ಡದು, ತುಂಬ ಬಿಳಿ ಗಂಟು."

ಅಂಥದೇ ಯಕೃತ್ತಿನ ಚಿತ್ರವನ್ನು ತರಬೇತಿಯಲ್ಲಿ ತೋರಿಸಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಕೈಯಿಂದ ರೋಗ ಒಳಗೆ ಬಂದಿದ್ದರೆ? ನಮ್ಮ ಪಶುವೈದ್ಯೆ ಮೇಡಂ ಮುಂದೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟೆ.

"ಎಂದುಕು ಚೆಪ್ಪಲೇದಮ್ಮಾ?" ಎಂದರು ಮೇಡಂ. ಯಾಕಮ್ಮ ಹೇಳಲಿಲ್ಲ ಎಂದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವ್ವನ ಕೋಳಿ ಥಾ ಮೇಡಂ" ಎಂದೆ, ನನ್ನ ಮುರುಕು ಹಿಂದಿಯಲ್ಲಿ. ಅವ್ವನ ಕೋಳಿಯಾಗಿತ್ತು ಎಂದು.

ಆ ದಿನವೇ ತತ್ತಿ ಕಳಿಸುವುದು ನಿಂತಿತು. ಸಂಶೋಧಕರ ಕೆಲಸವೂ ನಿಂತಿತು. ಕೋಳಿಗಳ ರಕ್ತ, ತತ್ತಿಯ ಬಿಳಿಲೋಳೆ ಮತ್ತೆ ಮತ್ತೆ ಪರೀಕ್ಷೆಗೆ ಹೋದವು. ಒಂದರಲ್ಲಿ ವೈರಸ್ ಕಂಡರೂ ಆ ಕೋಣೆಯ ಅಷ್ಟೂ ಕೋಳಿಗಳನ್ನು ಕೊಲ್ಲಬೇಕು. ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಅಲ್ಲಿಗೆ ಅವುಗಳ ಕೊಕ್ಕೊಕ್ ಕೇಳುತ್ತಿತ್ತು. ಏನೂ ಅರಿಯದ ಜೀವಗಳು. ಊಟ ಸೇರಲಿಲ್ಲ.

ವಾರಗಳಾದ ಮೇಲೆ ಮೇಡಂ ತಾವೇ ಬಂದು ನನ್ನ ಒದ್ದೆ ಕೈ ಹಿಡಿದರು. "ಏಮೀ ಲೇದಮ್ಮಾ." ಏನೂ ಇಲ್ಲ. ನಾನು ಬಕೆಟಿನ ಪಕ್ಕದಲ್ಲೇ ಕುಸಿದು ಅತ್ತೆ. ಕೆಲಸ ಉಳಿಯಿತು, ಆದರೆ ಇನ್ನೊಂದು ತಪ್ಪಾದರೆ ಅದೂ ಇಲ್ಲ ಎಂದು ಬರೆಸಿಕೊಂಡರು.

ಯುಗಾದಿಗೆ ಮತ್ತೆ ಊರಿಗೆ ಹೋದೆ. ಬುಟ್ಟಿಯಲ್ಲಿ ತತ್ತಿ ತಯಾರಿತ್ತು, ಅವ್ವ ತಂದ ಹೊಸ ಕೋಳಿಯೂ ಇತ್ತು. ಅಂಗಳದ ಈಚೆಯೇ ನಿಂತು ಸಂಗತಿ ಹೇಳಿದೆ. ಅವ್ವ ಒಂದೊಂದೇ ತತ್ತಿ ಎತ್ತಿ ನನಗೆ ತೋರಿಸಿ ಗೂಡಿನಲ್ಲಿಟ್ಟಳು.

"ಅಲ್ಲಿಂದನ ನೋಡು. ನೀ ನೋಡಿದ್ರೂ ಸಾಕು."

ಕೋಳಿ ನನ್ನ ಕಾಲ ಹತ್ತಿರ ಬಂತು. ನನ್ನ ಮನೆಯ ಅಂಗಳದಲ್ಲೇ ನಾನು ಹಿಂದೆ ಸರಿದೆ.

ಸೋಮವಾರ ಮತ್ತೆ "ಇಲ್ಲ" ಎಂದು ಬರೆದೆ. ಈ ಸಲ ಅದು ನಿಜವಾಗಿತ್ತು. ಸುಳ್ಳು ಬರೆದ ದಿನ ಓದದೇ ಕೊಟ್ಟಿದ್ದೆ; ಅಂದು ಕೊಡುವ ಮೊದಲು ಎರಡು ಸಲ ಓದಿಕೊಂಡೆ.