ಕಂಬದ ತುದಿಯವರ ಜೊತೆ ಹಿರೇಕೆರೂರಿಗೆ

ತುಮಕೂರಿನಲ್ಲಿ ಬೆಳಗಿನ ಕೆಂಪು ಬಸ್ಸು ಹತ್ತಿದಾಗ ನನಗೆ ತಮ್ಮನ ಮಾತಿನಲ್ಲಿ ಅರ್ಧ ನಂಬಿಕೆ ಮಾತ್ರ ಇತ್ತು. ತಮ್ಮ ನಾಗರಾಜ ಸವಣೂರಿನ ಗಂಡುಮಕ್ಕಳ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಫೋನು ಮಾಡಿದಾಗಲೆಲ್ಲ ಅವನದು ಒಂದೇ ಪಲ್ಲವಿ: "ನಮ್ಮ ಹುಡುಗರು ಮಲ್ಲಕಂಬದ ಮೇಲೆ ನಿದ್ದೆ ಬೇಕಾದರೂ ಮಾಡ್ತಾರೆ ಕಣೇ ಅಕ್ಕ. ಬಂದು ನೋಡು." ಚಿಕ್ಕಂದಿನಲ್ಲಿ ಹಲ್ಲಿಯನ್ನು ಉಡ ಎಂದು ಊರಿಗೆಲ್ಲ ಸಾರಿದವನು ಇವನು. ಹಿರೇಕೆರೂರಿನಲ್ಲಿ ನಡೆಯುವ ಜಿಲ್ಲಾ ಮಟ್ಟದ ಸ್ಪರ್ಧೆಗೆ ತಂಡ ಹೊರಟಿದೆ, ಈ ಸಲವಾದರೂ ಬಾ ಎಂದ. ಹೆಂಗಸರಿಗೆ ಟಿಕೇಟಿಗೆ ದುಡ್ಡಿಲ್ಲ. ಇನ್ನು ನೆಪ ಹೇಳಲು ನನಗೂ ಏನೂ ಉಳಿದಿರಲಿಲ್ಲ.

ದಾವಣಗೆರೆಯಲ್ಲಿ ಬಸ್ಸು ಬದಲಿಸುವ ಮೊದಲು ಬೆಣ್ಣೆ ದೋಸೆ ತಿಂದೆ. ಎದುರಿನ ಮೇಜಿನಲ್ಲಿ ಇಸ್ತ್ರಿ ಅಂಗಿಯವರೊಬ್ಬರು ದೋಸೆಯನ್ನು ಚಮಚದಿಂದ ಕುಟ್ಟಿ ಕುಟ್ಟಿ ತಿನ್ನುತ್ತಿದ್ದರು. ದೋಸೆಗೆ ಚಮಚ ಹಾಕುವವರನ್ನು ಕಂಡರೆ ನನಗೆ ಮೈಯುರಿ. ದೇವರು ಐದು ಬೆರಳು ಕೊಟ್ಟಿರುವುದು ಮತ್ತೆ ಯಾತಕ್ಕೆ? ಅವರಿಗೆ ಕಾಣುವ ಹಾಗೆ ಬೆರಳು ನೆಕ್ಕಿ ಎದ್ದು ಬಂದೆ.

ಹಾವೇರಿ ದಾಟಿ ಶಿಗ್ಗಾಂವದಲ್ಲಿ ಇಳಿದಾಗ ಬಿಸಿಲು ಇಳಿದಿತ್ತು. ಹೆದ್ದಾರಿಯ ಪಕ್ಕದಲ್ಲಿ ಧಾನ್ಯದ ಮೂಟೆ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕಾಲೇಜು ಬಿಟ್ಟ ಹುಡುಗಿಯರ ಮಧ್ಯೆ ನುಗ್ಗಿ ಸವಣೂರಿನ ಬಸ್ಸಿನಲ್ಲಿ ಒಂದು ಸೀಟು ಹಿಡಿದೆ.

ಕಂಡಕ್ಟರು ಕೇಳಿದ: "ಅಕ್ಕಾರು ಸವಣೂರಿಗೆ ಖಾರಕ್ಕ ಹೊಂಟ್ರ್ಯೋ, ಎಲಿಗೆ ಹೊಂಟ್ರ್ಯೋ?"

"ತಮ್ಮನ ಮನೆಗೆ" ಎಂದೆ.

"ಹಂಗಾದ್ರ ಎರಡೂ ಸಿಗ್ತಾವ ಬಿಡ್ರಿ" ಎಂದು ಚೀಟಿ ಹರಿದುಕೊಟ್ಟ. ಅವನು ಹೇಳಿದ್ದು ಸುಳ್ಳಾಗಲಿಲ್ಲ. ರಾತ್ರಿ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಒಂದು ಹಿಡಿ ಸವಣೂರು ಖಾರ. ಊಟವಾದ ಮೇಲೆ ಇಲ್ಲಿಯ ತೆಳ್ಳನೆಯ ವೀಳ್ಯದೆಲೆ.

ಮರುದಿನ ಶಾಲೆಗೆ ಹೋದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸ್ವಾಗತ ಭಾಷಣಕ್ಕೆ ನಿಂತ. ತಾಲ್ಲೂಕಿನ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದವನಂತೆ. ಕೊಟ್ಟವರು ಅವನಿಗೆ ನಿಲ್ಲಿಸುವುದನ್ನೂ ಕಲಿಸಬೇಕಿತ್ತು. ಗಂಟೆ ಬಾರಿಸಿದ ಮೇಲೇ ನಾವು ಬಿಡುಗಡೆಯಾದದ್ದು. ಆಮೇಲೆ ನೋಡಿದ ಒಂದೊಂದಕ್ಕೂ ಬೆರಗಾದೆ. ವಿಜ್ಞಾನ ಸಂಘದ ಹುಡುಗರು ಹಿತ್ತಲಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಅಳೆದು ಹಲಗೆಯ ಮೇಲೆ ಬರೆಯುತ್ತಾರೆ. ಸುತ್ತಲಿನ ರೈತರು ಬಂದು ಅದನ್ನು ಓದಿಕೊಂಡು ಹೋಗುತ್ತಾರೆ. ಗೋಡೆ ಪತ್ರಿಕೆಯಲ್ಲಿ ಕನ್ನಡ, ಉರ್ದು ಎರಡರಲ್ಲೂ ಪದ್ಯಗಳಿದ್ದವು. ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಖೋಖೋ, ಲೇಜಿಮು, ರಸಪ್ರಶ್ನೆಯ ಕಪ್ಪುಗಳು ಜಾಗ ಸಾಲದೆ ಒಂದರೊಳಗೊಂದು ಕೂತಿದ್ದವು.

ಸಂಜೆ ಮೈದಾನದಲ್ಲಿ ಮಲ್ಲಕಂಬ ಕಂಡೆ. ನೆಲದಲ್ಲಿ ಹುಗಿದ ತೇಗದ ಕಂಬ. ಮೇಲಕ್ಕೆ ಹೋಗುತ್ತ ಸಣ್ಣಗಾಗಿ, ತುದಿಯಲ್ಲಿ ಒಂದು ಬೋಡು ಗುಂಡು. ಹುಡುಗರು ಅದಕ್ಕೆ ತೊಡೆ ಬಿಗಿದು, ತಲೆಕೆಳಗಾಗಿ, ಕೈಬಿಟ್ಟು, ಬಾವುಟದ ಹಾಗೆ ಅಡ್ಡಕ್ಕೆ ಚಾಚಿ ನಿಂತರು. ಕೊನೆಗೆ ಗೋಪುರ ಕಟ್ಟಿದರು. ಕೆಳಗಿನವರು ಕಂಬ ತಬ್ಬಿ ಹೊರಕ್ಕೆ ಬಾಗಿದರು, ಅವರ ಹೆಗಲ ಮೇಲೆ ಇನ್ನಿಬ್ಬರು, ಎಲ್ಲರನ್ನೂ ತುಳಿದು ಹತ್ತಿ ಗುಂಡಿನ ಮೇಲೆ ಒಂಟಿಗಾಲಲ್ಲಿ ಒಬ್ಬ. ನಾಗರಾಜನ ಮೇಲಿನ ಅರ್ಧ ನಂಬಿಕೆ ಅಲ್ಲೇ ಪೂರ್ತಿಯಾಯಿತು. ಅವನು ಉಡವನ್ನೇ ಉಡ ಎಂದಿದ್ದ.

ತುದಿಯಲ್ಲಿ ನಿಂತವನು ಹತ್ತನೆಯ ತರಗತಿಯ ದಾದಾಪೀರ. ಮೇಲೆ ನಿಂತಾಗ ಅವನ ಮುಖದಲ್ಲಿ ಒಂದು ಶಾಂತಿ ಇತ್ತು. ಆದರೆ ಅವನ ಕೆಳಗಿದ್ದ ಮೈಲಾರಿ ಎಂಬ ದಪ್ಪ ಹುಡುಗನ ಕಾಲು ಗಡಗಡ ನಡುಗುತ್ತಿತ್ತು. ಗೋಪುರ ಒಂದು ಕಡೆ ವಾಲಿತು. ಎಲ್ಲರೂ ಚಾಪೆಯ ಮೇಲೆ ಜಾರಿ ಬಿದ್ದರು.

"ಏನಾಯ್ತೋ?" ಎಂದು ತಮ್ಮನನ್ನು ಕೇಳಿದೆ.

"ಬೇಸಿಗೆ ರಜೆಯಲ್ಲಿ ದಾದಾಪೀರ ತಾಳೆಮರದ ಹಾಗೆ ಬೆಳೆದುಬಿಟ್ಟ. ಕೆಳಗಿನವರಿಗೆ ಹೊರೋಕೆ ಆಗ್ತಿಲ್ಲ. ತುದಿಗೆ ಈಗ ಬಸ್ಯಾ ಬೇಕು." ಎಂಟನೆಯ ತರಗತಿಯ ಒಂದು ಗುಬ್ಬಚ್ಚಿ ಗಾತ್ರದ ಹುಡುಗನನ್ನು ತೋರಿಸಿದ. "ದಾದಾಪೀರನೇ ಅವನಿಗೆ ಎಲ್ಲ ಕಲಿಸಿದ್ದಾನೆ, ಮುಂದಿನ ವರ್ಷಕ್ಕೆ ಅಂತ."

"ಇಳಿ ಅಂತ ಹೇಳಬಾರದೇನೋ?"

"ಹೇಳೋ ಹಾಗಿಲ್ಲ ಅಕ್ಕ." ಆ ಶಾಲೆಯಲ್ಲಿ ಅದಕ್ಕೊಂದು ಪದ್ಧತಿ ಇದೆ, ನಾಗರಾಜ ಬರುವುದಕ್ಕಿಂತ ಮೊದಲಿನದು, ಹುಡುಗರೇ ಮಾಡಿಕೊಂಡದ್ದು. ಕಂಬಕ್ಕೆ ಹರಳೆಣ್ಣೆ, ಇಲ್ಲಿಯವರ ಬಾಯಲ್ಲಿ ಔಡಲೆಣ್ಣೆ, ಹಚ್ಚುವ ಬಟ್ಟಲನ್ನು ತುದಿಯವನು ಮುಟ್ಟುವುದಿಲ್ಲ. ತುದಿಯಿಂದ ಇಳಿದವನು ಮಾತ್ರ ಹಚ್ಚಬೇಕು. ಇಳಿ ಎಂದು ಮೇಷ್ಟ್ರೂ ಹೇಳಕೂಡದು. ಅವನಾಗಿ ಬಟ್ಟಲು ಹಿಡಿದ ದಿನ ಅವನು ಇಳಿದ ಹಾಗೆ. ಹಿಂದಿನ ಸಲ ಇಳಿದವನು ಹತ್ತನೆಯದು ಮುಗಿಸಿ ಶಾಲೆ ಬಿಟ್ಟಿದ್ದ, ಹಾಗಾಗಿ ಈ ವರ್ಷವಿಡೀ ಎಣ್ಣೆ ಹಚ್ಚುತ್ತಿರುವವನು ನಾಗರಾಜನೇ. "ಇದು ಅವನ ಕೊನೇ ವರ್ಷ. ಜಿಲ್ಲೆಯಲ್ಲಿ ತುದಿಗೆ ನಿಲ್ಲಬೇಕು ಅಂತ ಮೂರು ವರ್ಷದಿಂದ ಕಾದಿದ್ದಾನೆ. ನಾನು ಯಾವ ಬಾಯಲ್ಲಿ ಹೇಳಲಿ?"

ಪೇಟೆಯಲ್ಲಿ ಎಲೆ ಕೊಳ್ಳಲು ನಿಂತದ್ದು ದಾದಾಪೀರನ ತಂದೆಯ ಅಂಗಡಿಯಲ್ಲೇ. "ಬರ್ರಿ, ಕುಂತ್ರಿ. ಸರ್ ಅವರ ಅಕ್ಕಾರೇನ್ರಿ?" ಎಂದು ಮೂಟೆ ಸರಿಸಿ ಜಾಗ ಮಾಡಿಕೊಟ್ಟರು. ಮಗನ ಮಾತು ಬಂತು. "ಒಂದ ವರ್ಷದಾಗ ಅವನ ಪ್ಯಾಂಟಿನ ಮಡಿಕಿ ಎಷ್ಟ ಸಲ ಬಿಚ್ಚೇವೋ ಲೆಕ್ಕಿಲ್ರಿ. ಈಗ ಬಿಚ್ಚಾಕ ಮಡಿಕಿನೂ ಉಳಿದಿಲ್ಲ. ಅವರವ್ವ ಖುಷಿ ಪಡ್ತಾಳ, ಅವ ಮಾತ್ರ ಗ್ವಾಡಿಗೆ ನಿಂತು ಎತ್ತರ ನೋಡಿಕೊಂಡು ಸಪ್ಪಗಾಗ್ತಾನ." ಬೆಳೆದದ್ದಕ್ಕೆ ದುಃಖಪಡುವ ಹುಡುಗನ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ದಿನ ನಸುಕಿನಲ್ಲೇ ಟೆಂಪೊ ಬಂತು. ಖರ್ಚು ಹಂಚಿಕೊಳ್ಳಲು ಹಾನಗಲ್ಲಿನ ಶಾಲೆಯ ತಂಡವನ್ನೂ ದಾರಿಯಲ್ಲಿ ಹತ್ತಿಸಿಕೊಳ್ಳುವ ಒಪ್ಪಂದವಿತ್ತು. ಹೀಗಾಗಿ ಶಿಗ್ಗಾಂವ, ಬಂಕಾಪುರ ಸುತ್ತಿ ಹಾನಗಲ್ಲಿಗೆ ಬಂದೆವು. ಚಳಿಗೆ ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಬಂಕಾಪುರದ ಚಹಾ ಶುಂಠಿ ಹೆಚ್ಚಾಗಿ ಕಷಾಯದ ಹಾಗಿತ್ತು, ಆ ಚಳಿಗೆ ಅದೇ ಅಮೃತ. ಹಾನಗಲ್ಲಿನ ಹುಡುಗರು ಹತ್ತಿದ ಮೇಲೆ ಟೆಂಪೊದಲ್ಲಿ ಎದುರಾಳಿಗಳು ಒಬ್ಬರ ತೊಡೆಯ ಮೇಲೊಬ್ಬರು.

"ಕಪ್ಪು ಇಡಾಕ ಜಾಗ ಬಿಟ್ಕೊಂಡು ಕುಂತ್ರಲೇ" ಎಂದ ಹಾನಗಲ್ಲಿನ ನಾಯಕ.

"ನಮ್ಮ ಕಪ್ಪು ನಿನ್ನ ತೊಡಿ ಮ್ಯಾಲೆ ಇಡ್ತೇವಿ, ಹಿಡ್ಕೊಂಡ ಬಾ" ಎಂದ ಮೈಲಾರಿ. ದಾದಾಪೀರ ಕಿಟಕಿಯಾಚೆ ನೋಡುತ್ತಿದ್ದ. ಅವನ ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡಿತ್ತು.

ಹಿರೇಕೆರೂರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಅರ್ಧಭಾಗದಲ್ಲಿ ಗೋವಿನಜೋಳ ಒಣಹಾಕಿದ್ದರು. ಟೆಂಪೊ ಉಳಿದರ್ಧದಲ್ಲಿ ತೆವಳಿತು. ಅಬಲೂರಿನ ಕಡೆಗೆ ಹೊರಳುವ ದಾರಿ ಕಂಡು, ಹಳೆಯ ದೇವಾಲಯ, ಶಾಸನಗಳನ್ನು ನೋಡಿ ಹೋಗೋಣ ಎಂದೆ. "ಬರುವಾಗ" ಎಂದ ನಾಗರಾಜ. ಬರುವಾಗ ಯಾರಿಗೂ ಅದರ ನೆನಪಾಗಲಿಲ್ಲ, ನನಗೂ.

ಮೈದಾನಕ್ಕೆ ಕಾಲಿಟ್ಟವರೇ ಎಲ್ಲರೂ ಗರ ಬಡಿದವರಂತೆ ನಿಂತೆವು. ಶಾಮಿಯಾನ, ತೋರಣ, ರಂಗೋಲಿ ಎಲ್ಲ ಚೆನ್ನಾಗಿತ್ತು. ಮಧ್ಯದಲ್ಲಿ ಮಲ್ಲಕಂಬ ಅಡಿಯಿಂದ ಮುಡಿಯವರೆಗೆ ಪಟ್ಟೆಪಟ್ಟೆಯಾಗಿ ಕೆಂಪು, ಹಳದಿ ಬಣ್ಣ ಬಳಿದುಕೊಂಡು ಪಳಪಳ ಹೊಳೆಯುತ್ತಿತ್ತು. ಎಣ್ಣೆ ಬಣ್ಣ!

ಸಮಿತಿಯ ಹಿರಿಯರೊಬ್ಬರು ಹೆಮ್ಮೆಯಿಂದ ಬಂದರು. "ಹೆಂಗೈತ್ರಿ? ಸಾಹೇಬ್ರು ಬರೋರದಾರ, ಚಂದ ಕಾಣ್ಲಿ ಅಂತ ಹಚ್ಚಿಸೇವಿ."

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಬಣ್ಣದ ಮೇಲೆ ಎಣ್ಣೆ ಹಚ್ಚಿದರೆ ಕಾಲು ನಿಲ್ಲುವುದಿಲ್ಲ. ಹಚ್ಚದಿದ್ದರೆ ತೊಡೆಯ ಚರ್ಮ ಕಿತ್ತು ಬರುತ್ತದೆ. ವಿಷಯ ತಿಳಿದಾಗ ಆ ಹಿರಿಯರ ಮುಖ ಸಣ್ಣದಾಯಿತು. ಪಾಪ, ಅವರನ್ನು ಬಯ್ಯಲು ಯಾರಿಗೂ ಮನಸ್ಸು ಬರಲಿಲ್ಲ. ತೀರ್ಪುಗಾರರು ಸ್ಪರ್ಧೆಯನ್ನೇ ಮುಂದೂಡುವ ಮಾತೆತ್ತಿದರು.

"ಕೆರದ್ರ ಆತಲ್ರಿ" ಎಂದ ಬಸ್ಯಾ.

ಆಮೇಲೆ ನಡೆದದ್ದನ್ನು ನೋಡಲು ನಾನು ತುಮಕೂರಿನಿಂದ ನಡೆದೇ ಬಂದಿದ್ದರೂ ಸಾರ್ಥಕವಾಗುತ್ತಿತ್ತು. ಹುಡುಗರು ಗಾಜಿನ ಚೂರು, ಗರಗಸದ ಅಲಗು, ಹಂಚಿನ ಓಡು, ಮರಳು ಕಾಗದ, ಸಿಕ್ಕಿದ್ದೆಲ್ಲ ತಂದರು. ಸವಣೂರು, ಹಾನಗಲ್ಲು, ಹಿರೇಕೆರೂರು, ಎಲ್ಲ ತಂಡದವರೂ ಪಾಳಿಯ ಮೇಲೆ ಹತ್ತಿದರು. ತೊಡೆಗೆ ಟವೆಲು ಸುತ್ತಿಕೊಂಡು, ಕಂಬದಿಂದ ತಲೆಕೆಳಗಾಗಿ ಜೋತುಬಿದ್ದು, ಎರಡೂ ಕೈಯಲ್ಲಿ ಬಣ್ಣ ಹೆರೆದರು. ಕಲಿತ ವಿದ್ಯೆಯನ್ನು ಬಹುಮಾನಕ್ಕೆ ಮೊದಲು ಕೆಲಸಕ್ಕೆ ಹಚ್ಚಿದ ಆ ಮಕ್ಕಳನ್ನು ನೋಡಿ ನಾನು ಒಬ್ಬಳೇ ಚಪ್ಪಾಳೆ ಹೊಡೆದೆ. ಹೆರೆದ ಪುಡಿ ಕೆಳಗಿದ್ದವರ ಕೂದಲಿಗೆಲ್ಲ ಬಿದ್ದು ಎಲ್ಲ ತಂಡಗಳೂ ಒಂದೇ ಬಣ್ಣದವಾದವು. ಹಿರಿಯರು ತಾವೇ ಉಪ್ಪಿಟ್ಟು, ಶಿರಾ ಹೊತ್ತು ತಂದು ಹುಡುಗರ ಬಾಯಿಗೆ ಇಟ್ಟರು.

ತುದಿಯ ಗುಂಡು ಮಾತ್ರ ಉಳಿಯಿತು. ಅಲ್ಲಿ ಕಂಬ ಸಣ್ಣಗಿದ್ದು ತೊಡೆ ಬಿಗಿಯಲು ಆಗುವುದಿಲ್ಲ, ಕೈಯೆಟುಕಬೇಕಾದರೆ ಯಾರದಾದರೂ ಹೆಗಲೇರಬೇಕು. "ನಾ ಹತ್ತೇನಿ" ಎಂದು ದಾದಾಪೀರ ಮೈಲಾರಿಯ ಹೆಗಲ ಮೇಲೆ ನಿಂತು ಹೆರೆಯತೊಡಗಿದ. ಮೈಲಾರಿ ಹಲ್ಲು ಕಚ್ಚಿ ನಿಂತ. ಸ್ವಲ್ಪ ಹೊತ್ತಿಗೆ ಅವನ ಕಾಲು ನಡುಗಿತು, ಹೆಗಲು ಕಂಬಕ್ಕೆ ಉಜ್ಜಿ ಜಾರಿತು. ದಾದಾಪೀರ ಗುಂಡು ಹಿಡಿದು ತೂಗಾಡಿ ಹೇಗೋ ಇಳಿದ. ನೋಡಿದರೆ ಮೈಲಾರಿಯ ಹೆಗಲ ಚರ್ಮ ಕಿತ್ತು ರಕ್ತ ಬಂದಿತ್ತು.

"ಯಾಕ ಹೇಳ್ಲಿಲ್ಲಲೇ?" ಎಂದ ದಾದಾಪೀರ.

"ಏನ ಹೇಳೂದು? ನೀ ನಮ್ಮ ತುದಿ ಅಲ್ಲೇನು?" ಎಂದ ಮೈಲಾರಿ.

ಉಳಿದದ್ದನ್ನು ಹಾನಗಲ್ಲಿನ ಹುಡುಗನೊಬ್ಬ ಎಲ್ಲಿಂದಲೋ ಏಣಿ ತಂದು ಹೆರೆದು ಮುಗಿಸಿದ. ಕಂಬ ಬೋಳಾಗಿ, ಒಣಗಿ ನಿಂತಿತ್ತು. ಸವಣೂರಿನವರದೇ ಮೊದಲ ಪಾಳಿ. ತೀರ್ಪುಗಾರರು ಎಣ್ಣೆ ಹಚ್ಚಿ ಎಂದರು. ನಾಗರಾಜ ಚೀಲದಿಂದ ಬಟ್ಟಲು ತೆಗೆದು ಎಣ್ಣೆ ಸುರಿದುಕೊಂಡು ಕಂಬದ ಕಡೆ ಹೊರಟ.

ದಾದಾಪೀರ ಅಡ್ಡ ಬಂದು ನಿಂತ. "ಕೊಡ್ರಿ ಸರ್. ನಾ ಹಚ್ಚತೇನಿ."

ನಮ್ಮ ಹುಡುಗರೆಲ್ಲ ತಿರುಗಿ ನೋಡಿದರು. ನಾಗರಾಜ ಬಟ್ಟಲು ಕೊಟ್ಟು, ಆ ಕಡೆ ತಿರುಗಿ, ಕಾರಣವಿಲ್ಲದೆ ಸೀಟಿ ಊದಿದ. ಹುಡುಗ ಅಂಗೈಗೆ ಎಣ್ಣೆ ಸುರಿದುಕೊಂಡು ಬುಡದಿಂದ ಮೇಲಕ್ಕೆ ನಿಧಾನವಾಗಿ ತಿಕ್ಕಿದ. ಎಳೆಗೂಸಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದ. ನನಗೆ ಅಳು ಬಂತು, ಸೆರಗಿತ್ತು, ಒರೆಸಿಕೊಂಡೆ.

ಬಸ್ಯಾನ ಮುಖ ಬಿಳಿಚಿತ್ತು. "ಅಣ್ಣಾ, ನಾ ಒಲ್ಲೆ. ಮುಂದಿನ ವರ್ಷ ಅಂದಿದ್ದಿ."

"ಹೆದರಬ್ಯಾಡ. ಕೆಳಗ ನೋಡಬ್ಯಾಡ. ಕೆಳಗ ನಾ ಅದೇನಿ" ಎಂದ ದಾದಾಪೀರ.

ಗೋಪುರ ಎದ್ದಿತು. ದಾದಾಪೀರ ಕಂಬ ತಬ್ಬಿ ಎಲ್ಲರಿಗಿಂತ ಕೆಳಗೆ ಬಾಗಿ ನಿಂತ. ಬಸ್ಯಾನ ಮೊದಲ ಹೆಜ್ಜೆ ಬಿದ್ದದ್ದು ಅವನ ಹೆಗಲಿಗೇ. ಮೈಲಾರಿಯ ಕಾಲು ಈ ಸಲ ನಡುಗಲಿಲ್ಲ. ಆ ಗುಬ್ಬಚ್ಚಿ ಗುಂಡಿನ ಮೇಲೆ ಒಂಟಿಗಾಲಲ್ಲಿ ನಿಂತು ಕೈ ಮುಗಿದಾಗ ಇಡೀ ಮೈದಾನ ಹೋ ಎಂದಿತು. ಕೆಳಗಿದ್ದ ದಾದಾಪೀರನಿಗೆ ಮಾತ್ರ ಏನೂ ಕಾಣುವ ಹಾಗಿರಲಿಲ್ಲ. ಅವನ ಕೆನ್ನೆ ಕಂಬಕ್ಕೆ ಒತ್ತಿತ್ತು.

ನಮಗೆ ಎರಡನೆಯ ಬಹುಮಾನ ಬಂತು, ಹಾನಗಲ್ಲಿಗೆ ಮೊದಲನೆಯದು. ಮುಂದಿನ ಹಂತಕ್ಕೆ ಹೋಗುವುದು ಮೊದಲನೆಯವರು ಮಾತ್ರ. ನನ್ನ ಕಣ್ಣಿಗೆ ತೀರ್ಪುಗಾರರ ಕಣ್ಣಿನಲ್ಲಿ ಬಣ್ಣದ ಪುಡಿ ಬಿದ್ದಿತ್ತು, ಆದರೆ ನನ್ನನ್ನು ಯಾರು ಕೇಳಬೇಕು? ಸಾಹೇಬರು ಬರಲೇ ಇಲ್ಲ. ವಾಪಸು ಬರುವಾಗ ಹಾನಗಲ್ಲಿನ ನಾಯಕ ಕಪ್ಪನ್ನು ದಾದಾಪೀರನ ತೊಡೆಯ ಮೇಲೆ ಇಟ್ಟ, ಅಣಕಕ್ಕಲ್ಲ. "ನಮ್ಮೂರು ಬರೂತನಕ ನೀನ ಹಿಡ್ಕೋ" ಎಂದ. ಅವನು ಹಿಡಿದುಕೊಂಡ.

ಮರುದಿನ ನಾನು ಹೊರಟೆ. ತಮ್ಮನ ಸ್ಕೂಟರು ಮೈದಾನದ ಪಕ್ಕದಲ್ಲೇ ಹೋಗಬೇಕು. ಅಷ್ಟು ಬೆಳಿಗ್ಗೆ ದಾದಾಪೀರ ಕಂಬಕ್ಕೆ ಎಣ್ಣೆ ಹಚ್ಚುತ್ತಿದ್ದ. ಬಸ್ಯಾ ಚಡ್ಡಿ ಬಿಗಿದುಕೊಂಡು ಕಾಯುತ್ತಿದ್ದ. ಸ್ಪರ್ಧೆ ಮುಗಿದಿತ್ತು, ಶಾಲೆಗೆ ಇನ್ನೂ ಹೊತ್ತಿತ್ತು.

"ಹೊಂಟ್ರ್ಯಾ ಅಕ್ಕಾರ?" ಎಂದು ದಾದಾಪೀರ ಓಡಿಬಂದ. ಎಲೆಯ ಕಟ್ಟೊಂದನ್ನು ಬಸ್ಯಾನ ಕೈಯಲ್ಲಿ ಕೊಡಿಸಿದ. ಅವನ ಕೈ ಹಿಡಿಯಲು ನಾನು ಕೈ ಚಾಚಿದೆ. ಅವನು ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. "ಬ್ಯಾಡ್ರಿ, ಕೈ ಎಣ್ಣಿ ಆಗ್ಯಾವು. ಔಡಲೆಣ್ಣಿ ನಾತ ಲಗೂ ಹೋಗೂದಿಲ್ರಿ."

"ಕೊಡೋ ಸಾಕು" ಎಂದು ಆ ಎರಡೂ ಕೈಗಳನ್ನು ಹಿಡಿದುಕೊಂಡೆ.

ಶಿಗ್ಗಾಂವ, ಹಾವೇರಿ, ರಾಣೆಬೆನ್ನೂರು ಹಿಂದಾದವು. ದಾವಣಗೆರೆಯ ಅದೇ ಹೋಟೆಲಿನಲ್ಲಿ ಅದೇ ಮೇಜು ಸಿಕ್ಕಿತು. ದೋಸೆ ಬಂತು, ಮೇಲೆ ಬೆಣ್ಣೆ ಕರಗುತ್ತಿತ್ತು. ಕೈ ತೊಳೆಯುವ ತೊಟ್ಟಿ ಎದುರಿಗೇ ಇತ್ತು, ಸಾಬೂನೂ ಇತ್ತು. ಬೆರಳುಗಳನ್ನು ಮೂಗಿನ ಹತ್ತಿರ ತಂದು ನೋಡಿದೆ, ಹರಳೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮಾಣಿಯನ್ನು ಕರೆದು ಚಮಚ ಕೇಳಿದೆ.