ಒಡೀಲ್ ಕೇಳಿಸಿಕೊಳ್ಳದ ಮಾತು

ಒಡೀಲ್ ಲುತೆತೆಯನ್ನು ಅವಳ ವಿಶ್ವವಿದ್ಯಾಲಯದ ಡೀನ್ ಎಲ್ಲಿ ಹೋದರೂ "ಇವರು ನಮ್ಮ ಗ್ರಿಯೋ" ಎಂದೇ ಪರಿಚಯಿಸುತ್ತಿದ್ದ. ಗ್ರಿಯೋಗಳು ಸೆನೆಗಲ್, ಮಾಲಿಯ ಕಡೆ ವಂಶಾವಳಿ ಹಾಡುವ ಜನ. ನಾವು ಕಾಂಗೋದವರು, ನಮ್ಮಲ್ಲಿ ಆ ಕಸುಬೇ ಇಲ್ಲ. ಒಡೀಲ್ ಮೊದಲ ಸಲ ತಿದ್ದಿದಳು, ಎರಡನೆಯ ಸಲ ನಕ್ಕಳು, ಆಮೇಲೆ ಬಾಯಿ ಮುಚ್ಚಿಕೊಂಡಳು. ವರ್ಷ ವರ್ಷವೂ ಹೊಸದಾಗಿ ಸಹಿ ಬೀಳಬೇಕಾದ ಕೆಲಸದಲ್ಲಿ ಇರುವವಳು ಡೀನನನ್ನು ಎಷ್ಟು ಸಲ ತಿದ್ದಿಯಾಳು?

ನಾನು ಜೆರ್ಮೇನ್. ಬ್ರಸೆಲ್ಸಿನಲ್ಲಿ ನಮ್ಮವರು ಸೇರುವ ಮತೊಂಗೆ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಶಾಲೆಯಲ್ಲಿ ಒಡೀಲೂ ನಾನೂ ಒಂದೇ ಬೆಂಚು. ಅವಳು ಓದಿದಳು, ನಾನು ಹೊಲಿದೆ. ಅವಳ ವಿದ್ಯಾರ್ಥಿಗಳು ಆಡಿದ ಅಷ್ಟೂ ನಾಟಕಗಳ ಬಟ್ಟೆ ನನ್ನ ಮಷೀನಿನ ಕೆಳಗೇ ಹಾದುಹೋಗಿದೆ. ಹಾಗಾಗಿ ಅವಳನ್ನು ಹೊಗಳುವ ಹಕ್ಕೂ ನನಗಿದೆ, ಬೈಯುವ ಹಕ್ಕೂ ಇದೆ. ಬೈಯುವುದನ್ನು ಬೇರೆಯವರು ಶುರು ಮಾಡಿದರೆ ಮಾತ್ರ ನನಗೆ ಮೈ ಉರಿಯುತ್ತದೆ.

ಅವಳ ಅಪ್ಪ ಪಪಾ ಲುತೆತೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು. ಅಪ್ಪನನ್ನಷ್ಟೇ ಅಲ್ಲ, ಹಿರಿಯ ಗಂಡಸರನ್ನೆಲ್ಲ ನಾವು ಪಪಾ ಎನ್ನುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗೆ ಅವರು ಇದ್ದಾರೋ ಇಲ್ಲವೋ ಎಂದು ಪಕ್ಕದ ಮನೆಯವರಿಗೂ ಗೊತ್ತಾಗುತ್ತಿರಲಿಲ್ಲ. ಶನಿವಾರ ಬಂತೆಂದರೆ ಅವರೇ ಬೇರೆ. ಅವರು ನ್ಜೊಂಜಿ. ನಮ್ಮಲ್ಲಿ ಮದುವೆಗಾಗಲಿ ಸಾವಿಗಾಗಲಿ ಎರಡು ಕುಲಗಳು ಎದುರುಬದುರು ಕೂತಾಗ, ಮನೆಯವರು ತಾವೇ ಬಾಯಿ ಬಿಡುವಂತಿಲ್ಲ. ಅವರ ಪರವಾಗಿ ಮಾತಾಡುವವನೇ ನ್ಜೊಂಜಿ. ಅವನು ಗಾದೆಯ ಅರ್ಧ ಹೇಳುತ್ತಾನೆ, ಉಳಿದ ಅರ್ಧವನ್ನು ಸಭೆ ಕೂಗುತ್ತದೆ. ಸಭೆ ಕೂಗದಿದ್ದರೆ ಅವನ ಮಾತು ಮುಂದೆ ಹೋಗದು. ಪಪಾ ಲುತೆತೆ ಎದ್ದು ನಿಂತು "ಒಂದೇ ಬೆರಳಿಂದ" ಎಂದರೆ ಸಾಕು, ಇಡೀ ಹಾಲ್ "ಮುಖ ತೊಳೆಯೋಕಾಗಲ್ಲ" ಎಂದು ಗುಡುಗುತ್ತಿತ್ತು. ಬ್ರಸೆಲ್ಸಿನಲ್ಲಿ ಸತ್ತ ನಮ್ಮವರಲ್ಲಿ ಹೆಚ್ಚಿನವರನ್ನು ತೀರಿಹೋದ ಹಿರಿಯರ ಬಳಿಗೆ ಕಳಿಸಿಕೊಟ್ಟದ್ದು ಅವರ ಮಾತೇ.

ಮಾತು ಮುಗಿದ ಮೇಲೆ ಒಂದು ಬಟ್ಟಲು ಈಚಲ ಹೆಂಡ ಎಲ್ಲರ ಕೈ ದಾಟಿ ಬರುತ್ತದೆ. ಕುಡಿದವರು ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಹೆಂಡತಿಗೂ ಇಲ್ಲ, ಪಾದ್ರಿಗೂ ಇಲ್ಲ. ಸತ್ತವನ ಜೊತೆ ಮಾತೂ ಮಣ್ಣಾಯಿತು ಎಂದೇ ಲೆಕ್ಕ.

ಒಡೀಲ್ ಚಿಕ್ಕಂದಿನಿಂದ ಅಪ್ಪನ ಕುರ್ಚಿಯ ಹಿಂದೆ ಕೂತು ಇದನ್ನೆಲ್ಲ ಕೇಳಿದವಳು. ವಿಶ್ವವಿದ್ಯಾಲಯ ಸೇರಿದ ಮೇಲೆ ಫ್ರೆಂಚಿನಲ್ಲಿ ಬರೆದ ಆಫ್ರಿಕಾದ, ಕೆರಿಬಿಯನ್ ದ್ವೀಪಗಳ ನಾಟಕಗಳನ್ನು ಓದಿ ಓದಿ ಕೊನೆಗೆ ನನ್ನ ಅಂಗಡಿಗೆ ಬಂದು ಹೇಳಿದಳು, "ಜೆರ್ಮೇನ್, ಇವರೆಲ್ಲ ಹುಡುಕ್ತಿರೋ ನಾಟಕ ನಮ್ಮಪ್ಪ ಪ್ರತಿ ಶನಿವಾರ ಆಡ್ತಾನೆ ಕಣೇ. ಯಾರೂ ಬರ್ಕೊಂಡಿಲ್ಲ, ಅಷ್ಟೇ."

"ಬರ್ಕೊಳ್ಳೋಕೆ ಅಂತ ಆಡೋದಲ್ಲ ಅದು" ಎಂದೆ.

"ಅಪ್ಪ ಹೋದ್ರೆ ಅದೂ ಹೋಗುತ್ತಲ್ಲೇ. ಹೋಗ್ಲಿ ಅಂತ ಬಿಡ್ಲಾ?"

ನಾನು ಮಷೀನಿಗೆ ದಾರ ಪೋಣಿಸಿದೆ.

ಅಲ್ಲಿಂದ ಅವಳು ಅಪ್ಪ ಹೋದಲ್ಲೆಲ್ಲ ರೆಕಾರ್ಡರ್ ಹಿಡಿದು ಹೋದಳು. ಮಾತಾಡುವವರ ಮಗಳು ಎಂದು ಯಾರೂ ತಡೆಯಲಿಲ್ಲ. ಹಿರಿಯರು ಅದನ್ನು ನೆನಪಿಗೆ ಇಟ್ಟುಕೊಳ್ಳುವ ಫೋಟೊ ಆಲ್ಬಮ್ಮಿನಂಥದ್ದು ಅಂದುಕೊಂಡಿದ್ದರು. ಇತ್ತ ವಿಶ್ವವಿದ್ಯಾಲಯದಲ್ಲಿ ಅವಳ ಕೋಣೆ ಕಾರಿಡಾರಿನ ಕೊನೆಯಲ್ಲಿ, ಝೆರಾಕ್ಸ್ ಯಂತ್ರದ ಪಕ್ಕ. ಫ್ರಾನ್ಸಿನ ಸಾಹಿತ್ಯ ಕಲಿಸುವವರಿಗೆ ಕಿಟಕಿ ಇತ್ತು, ಇವಳಿಗೆ ಗೋಡೆ. ನೆಲಮಾಳಿಗೆಯ ಸಣ್ಣ ರಂಗಮಂದಿರದಲ್ಲಿ ಹುಡುಗರಿಂದ ನಾಟಕ ಆಡಿಸಿ, ಪ್ರೇಕ್ಷಕರೂ ಉತ್ತರ ಕೊಡಬೇಕು ಎಂದು ಗೋಗರೆಯುತ್ತಿದ್ದಳು. "ನಾವು ನೋಡೋಕೆ ಬಂದಿದ್ದು ಮೇಡಂ" ಎನ್ನುತ್ತಿದ್ದರು ಆ ಬಿಳಿ ಹುಡುಗರು. ಖಾಯಂ ಹುದ್ದೆ ಖಾಲಿಯಾದಾಗಲೆಲ್ಲ ಅದು ಇನ್ನೊಬ್ಬರಿಗೆ ಹೋಗುತ್ತಿತ್ತು. "ಪುಸ್ತಕ ಎಲ್ಲಿ ಮದಾಮ್?" ಎಂದು ಕೇಳುತ್ತಿದ್ದರು. ಅವಳ ಗಂಡ ಆ ಪ್ರಶ್ನೆಯ ನಡುವೆಯೇ ಬಿಟ್ಟುಹೋದ. ಮಕ್ಕಳಿರಲಿಲ್ಲ. ಪುಸ್ತಕವೊಂದೇ ಉಳಿದದ್ದು.

ಆ ಪುಸ್ತಕದ ಐದನೆಯ ಅಧ್ಯಾಯವೇ ಎಲ್ಲವನ್ನೂ ತಿಂದದ್ದು.

ನಮ್ಮ ಪೈಕಿ ದಿದಿಯೇ ಎಂಬ ಹುಡುಗ ರಿಂಗ್ ರಸ್ತೆಯಲ್ಲಿ ಮೋಟರ್ ಬೈಕ್ ಅಪಘಾತದಲ್ಲಿ ಸತ್ತಿದ್ದ. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಕುಲದವರು, ಅವರ ಹೊಣೆ ಸೋದರಮಾವನದು. ಎಳೆಯ ಜೀವ ಹೋದರೆ ಮೊದಲು ಎಲ್ಲರ ಕಣ್ಣು ತಿರುಗುವುದೂ ಸೋದರಮಾವನ ಕಡೆಗೇ. ದಿದಿಯೇಯ ಸೋದರಮಾವ ಪಪಾ ಮಾವುಂಗು ಸಭೆಯಲ್ಲಿ ಮಂಡಿಯೂರಿ ಒಪ್ಪಿಕೊಂಡರು. ಹುಡುಗನ ಜೊತೆ ಜಗಳವಾಗಿ, ಸಿಟ್ಟಿನಲ್ಲಿ "ನೀನು ಈ ವರ್ಷ ದಾಟಲ್ಲ" ಎಂದುಬಿಟ್ಟಿದ್ದರಂತೆ. ಸೋದರಮಾವನ ಬಾಯಿಂದ ಬಂದ ಅಂಥ ಮಾತು ಹುಸಿಹೋಗದು ಎಂದು ನಮ್ಮವರ ನಂಬಿಕೆ. ಜನ ಅವರನ್ನು ಹೊಡೆಯಲು ಎದ್ದಿದ್ದರು. ಪಪಾ ಲುತೆತೆ ಮಧ್ಯೆ ನಿಂತು ಸಂಜೆಯವರೆಗೂ ಮಾತಾಡಿ, ಹುಡುಗನ ತಾಯಿಯೇ ತನ್ನ ಅಣ್ಣನ ಕೈ ಹಿಡಿದು ಎಬ್ಬಿಸುವಂತೆ ಮಾಡಿದರು. ಬಟ್ಟಲು ಎಲ್ಲರ ಕೈ ದಾಟಿತು. ಇದನ್ನು ಹೇಳಲು ನನಗೇನೂ ಅಡ್ಡಿಯಿಲ್ಲ. ನಾನು ಆ ಸಭೆಯಲ್ಲಿ ಇರಲಿಲ್ಲ, ಅಚ್ಚಾದ ಮೇಲೆ ಓದಿದವಳು.

ಹೆಸರುಗಳನ್ನು ಒಡೀಲ್ ಬದಲಾಯಿಸಿದ್ದಳು. ಪುಸ್ತಕ ಬಂದ ದಿನ ಅಪ್ಪನ ಕೈಗೆ ಕೊಟ್ಟಳು. ಮುದುಕ ಸೋಫಾದಲ್ಲಿ ಕೂತು, ಕನ್ನಡಕ ಏರಿಸಿ, ಹಾಳೆ ತಿರುವುತ್ತಾ ಐದನೆಯ ಅಧ್ಯಾಯಕ್ಕೆ ಬಂದು ನಿಂತರು. ನಾನೂ ಅಲ್ಲೇ ಕೂತು ಅವಳ ಗೆಲುವಿಗೆಂದು ತಂದ ಕೇಕ್ ಕತ್ತರಿಸುತ್ತಿದ್ದೆ.

"ಮಾವುಂಗುನ ಒಂದು ಮಾತು ಕೇಳಿದ್ಯಾ ಮಗಳೇ?"

"ಹೆಸರು ಬದಲಾಯಿಸಿದ್ದೀನಿ ಪಪಾ. ಯಾರಿಗೂ ಗೊತ್ತಾಗಲ್ಲ."

"ಹೆಸರು ಬೇರೆ ಆದ್ರೆ ಮಾತು ಬೇರೆ ಆಗುತ್ತಾ?"

"ನಿನ್ನ ಕಲೆ ಉಳಿಬೇಕು ಅಂತ ಬರ್ದಿದ್ದು ಪಪಾ. ನಿನ್ನನ್ನ ಅಲ್ಲಿ ಎಷ್ಟು ದೊಡ್ಡವನಾಗಿ ತೋರ್ಸಿದ್ದೀನಿ, ಓದು."

ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ನಾನು ಕೊಟ್ಟ ಕೇಕನ್ನು ಮಾತ್ರ ಪೂರ್ತಿ ತಿಂದರು, ಮಗಳ ಮನಸ್ಸಿಗೆ ನೋವಾಗಬಾರದೆಂದು.

ನಮ್ಮ ಹಿರಿಯರು ಪುಸ್ತಕ ಓದುವವರಲ್ಲ, ಅವರಿಂದ ತೊಂದರೆ ಬರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಸಭೆಗೆ ಬರುವುದಿಲ್ಲ, ಪುಸ್ತಕ ಓದುತ್ತಾರೆ. ಮಾವುಂಗು ಅವರ ಮಗಳು ಓದಿದಳು. ರಿಂಗ್ ರಸ್ತೆ, ಬೈಕು, ಸೋದರಮಾವ. ಅವಳಿಗೆ ಗೊತ್ತಾಗಲು ಇನ್ನೇನು ಬೇಕು? ದಿದಿಯೇ ಅವಳ ಜೊತೆಗೇ ಬೆಳೆದವನು. ಅಪ್ಪ ಅವನಿಗೆ ಶಾಪ ಹಾಕಿದ್ದ ಎಂಬುದೊಂದೇ ಅವಳ ತಲೆಗೆ ಹೋಯಿತು. ಮಂಡಿಯೂರಿದ್ದು, ಅತ್ತೆ ಕೈ ಹಿಡಿದು ಎಬ್ಬಿಸಿದ್ದು ಹೋಗಲಿಲ್ಲ. ಕಾಗದದ ಮೇಲೆ ಅದೆಲ್ಲ ನಾಟಕದ ಹಾಗೆ ಕಾಣುತ್ತದೆ, ಒಡೀಲೂ ಅದನ್ನು ನಾಟಕವೆಂದೇ ಬರೆದಿದ್ದಳಲ್ಲ. ಆ ಹುಡುಗಿ ಅಪ್ಪನ ಮನೆಗೆ ಮತ್ತೆ ಕಾಲಿಡಲಿಲ್ಲ. ಮೊಮ್ಮಕ್ಕಳನ್ನೂ ಕಳಿಸಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೀಲ್ ಅವರ ಮನೆಗೆ ಹೋಗಿ ಕ್ಷಮೆ ಕೇಳಿದಳು. ಮಾವುಂಗು ಬಾಗಿಲು ತೆರೆದರು, ಕೂರಿಸಿದರು, ಒಂದು ಲೋಟ ನೀರು ಕೊಟ್ಟರು, ಅವಳು ಎದ್ದು ಹೋಗುವವರೆಗೂ ತುಟಿ ಬಿಚ್ಚಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು ಕಣೇ" ಎಂದು ನನ್ನ ಅಂಗಡಿಗೆ ಬಂದು ಅತ್ತಳು. ಆ ವರ್ಷವೇ ಅವಳಿಗೆ ಖಾಯಂ ಹುದ್ದೆ ಸಿಕ್ಕಿತು. ಕಿಟಕಿಯಿರುವ ಕೋಣೆಯೂ ಸಿಕ್ಕಿತು.

ಸಭೆಯ ಮಾತು ಪುಸ್ತಕ ಸೇರಿದೆ ಎಂದು ಹಬ್ಬಿದ ಮೇಲೆ ಪಪಾ ಲುತೆತೆಯನ್ನು ಯಾರೂ ಮಾತಿಗೆ ಕರೆಯಲಿಲ್ಲ. ಮುಖ ತಿರುಗಿಸಿದರು ಎಂದಲ್ಲ, ದಾರಿಯಲ್ಲಿ ಸಿಕ್ಕರೆ ಟೋಪಿ ತೆಗೆದು ಮಾತಾಡಿಸುತ್ತಿದ್ದರು. ಶನಿವಾರಗಳಂದು ಅವರು ಸೂಟು ಹಾಕಿ, ಟೈ ಕಟ್ಟಿ, ಟೆಲಿಫೋನಿನ ಪಕ್ಕ ಕೂರುತ್ತಿದ್ದರು. ಸಂಜೆಯಾದ ಮೇಲೆ ಟೈ ಬಿಚ್ಚುತ್ತಿದ್ದರು. ಅದನ್ನು ನೋಡಿದಾಗ ನನಗೆ ಒಡೀಲ್ ಮೇಲೆ ಎಂಥ ಸಿಟ್ಟು ಬರುತ್ತಿತ್ತು ಎಂದರೆ, ಎರಡು ಹಬ್ಬಕ್ಕೆ ಅವಳನ್ನು ಊಟಕ್ಕೆ ಕರೆಯಲಿಲ್ಲ. ಮೂರನೆಯ ಹಬ್ಬಕ್ಕೆ ತಡೆಯಲಾರದೆ ಕರೆದೆ.

ಹೋದ ನವೆಂಬರಿನಲ್ಲಿ ಅವರು ತೀರಿಕೊಂಡರು.

ಅಳಿಯಕಟ್ಟು ಎಂದೆನಲ್ಲ, ಅಪ್ಪನ ಸಾವಿನಲ್ಲಿ ಮಗಳಿಗೆ ಅಧಿಕಾರವಿಲ್ಲ. ಲುತೆತೆಯವರ ಅಕ್ಕನ ಮಗ ಕಿಯಾಲ ಎಲ್ಲದಕ್ಕೂ ಯಜಮಾನ. ಅವನು ಆಂಡರ್ಲೆಕ್ಟ್ ಬಡಾವಣೆಯಲ್ಲಿ ಹಾಲ್ ಹಿಡಿದ, ಸತ್ತವರ ಚಿತ್ರ ಅಚ್ಚು ಹಾಕಿದ ಬಟ್ಟೆ ತರಿಸಿದ, ನಾನು ಹಗಲೂ ರಾತ್ರಿ ಹೊಲಿದು ಕೊಟ್ಟೆ. ಮಾತಾಡಲು ಮಾತ್ರ ಯಾರೂ ಸಿಗಲಿಲ್ಲ. ಒಬ್ಬ ನ್ಜೊಂಜಿಗೆ ಮಂಡಿನೋವು. ಇನ್ನೊಬ್ಬನಿಗೆ ಆ ದಿನವೇ ಲೀಲ್ ಪಟ್ಟಣಕ್ಕೆ ಹೋಗಲೇಬೇಕು. ಆಂಟ್ವರ್ಪಿನ ಮುದುಕನೊಬ್ಬನೇ ಸತ್ಯ ಹೇಳಿದವನು: "ಕಿಯಾಲ, ಆ ಮನೇಲಿ ಬಾಯಿ ಬಿಟ್ರೆ ನಾಳೆ ಲೈಬ್ರರೀಲಿ ಸಿಗ್ತೀನಿ ನಾನು."

ಮಾತಿಲ್ಲದೆ ಮಣ್ಣಿಗಿಟ್ಟರೆ ಸತ್ತವನು ಹಿರಿಯರ ಬಾಗಿಲಲ್ಲಿ ಅಪರಿಚಿತನಾಗಿ ನಿಲ್ಲುತ್ತಾನೆ. ಯಾರ ಮಗ, ಏನು ಮಾಡಿ ಬಂದ ಎಂದು ಹೇಳುವವರಿಲ್ಲದೆ ಹೊರಗೇ ಉಳಿಯುತ್ತಾನೆ. ಊರಿನ ಎಲ್ಲರ ಪರವಾಗಿ ಬಾಗಿಲು ತಟ್ಟಿದ ಮನುಷ್ಯನಿಗೆ ಆ ಗತಿ ಬಂದಿತ್ತು.

ಶನಿವಾರ ಮಧ್ಯಾಹ್ನ ಹಾಲ್ ತುಂಬಿತು. ನಡುವೆ ಪೆಟ್ಟಿಗೆ. ಹಿಂದಿನ ಮೇಜುಗಳ ಮೇಲೆ ಮರಗೆಣಸಿನ ಸೊಪ್ಪಿನ ಪಲ್ಯ, ಉಪ್ಪುಮೀನು. ಕಿಯಾಲನ ಮುಖ ಬಿಳಿಚಿತ್ತು. ಒಡೀಲ್ ಅವನ ಹತ್ತಿರ ಹೋದಳು.

"ನಾನು ಮಾತಾಡ್ತೀನಿ."

"ಹೆಂಗಸು, ಅದರ ಮೇಲೆ ಬೇರೆ ಕುಲದವಳು. ಎಲ್ಲಾದ್ರೂ ಉಂಟಾ ಯಾಯ?" ಎಂದ ಕಿಯಾಲ. ಅಕ್ಕ ಎನ್ನಲು ನಮ್ಮವರು ಯಾಯ ಎನ್ನುತ್ತಾರೆ.

"ಅಪ್ಪನ ಮಾತು ನನಗಿಂತ ಚೆನ್ನಾಗಿ ಯಾರಿಗೆ ಬರುತ್ತೋ? ಯಾರಿದ್ದಾರೆ, ಕರಿ ನೋಡೋಣ."

ಕರೆಯಲು ಯಾರೂ ಇರಲಿಲ್ಲ. ಅವನು ಕೈ ಚೆಲ್ಲಿದ. ಒಡೀಲ್ ಪೆಟ್ಟಿಗೆಯ ತಲೆಯ ಕಡೆ ಹೋಗಿ ನಿಂತಳು. ಅಪ್ಪನ ಹಾಗೆಯೇ ಎಡಗೈ ಬೆನ್ನ ಹಿಂದೆ, ಅದೇ ಧ್ವನಿ, ಅದೇ ತಡವರಿಕೆ ಕೂಡ.

"ಒಂದೇ ಬೆರಳಿಂದ" ಎಂದಳು.

ಯಾರೂ ಉತ್ತರಿಸಲಿಲ್ಲ.

ನಾನು ಬಾಯಿ ತೆರೆದೆ. ನನ್ನ ಪಕ್ಕದ ಹೆಂಗಸು ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಒಬ್ಬಳೇ ಕೂಗಿದರೆ ಅದು ಸಭೆಯ ಮಾತಾಗದು, ನನಗೂ ಗೊತ್ತು. ಒಡೀಲ್ ಇನ್ನೊಂದು ಸಲ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಅಡುಗೆಕೋಣೆಯಲ್ಲಿ ಯಾರೋ ತಟ್ಟೆ ಜೋಡಿಸುವ ಸದ್ದು ಕೇಳಿತು. ಅವಳು ಮೂರನೆಯ ಸಲ ಹೇಳಲಿಲ್ಲ. ಅಲ್ಲೇ ನಿಂತಳು, ಕೂರಲೂ ಗೊತ್ತಾಗದೆ.

ಆಗ ಬಾಗಿಲ ಪಕ್ಕದ ಸಾಲಿನಲ್ಲಿ ಪಪಾ ಮಾವುಂಗು ಎದ್ದರು. ಬಂದಿದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ಕೋಲೂರಿಕೊಂಡು ನಿಧಾನವಾಗಿ ಮುಂದೆ ಬಂದು ಕಿಯಾಲನ ಎದುರು ನಿಂತರು.

"ಲುತೆತೆ ನನಗಾಗಿ ಮಾತಾಡಿದ್ದ. ಅವನಿಗಾಗಿ ನಾನು ಮಾತಾಡ್ತೀನಿ. ನಾನು ನ್ಜೊಂಜಿ ಅಲ್ಲ, ತಪ್ಪಿದ್ರೆ ನೀವೇ ತಿದ್ದಿ."

ಸಭೆ ಹೂಂ ಎಂದಿತು.

"ಆದ್ರೆ ಮಗಳು ಹೊರಗೆ ಹೋಗ್ಲಿ."

ಅವರ ದನಿಯಲ್ಲಿ ದ್ವೇಷವಿರಲಿಲ್ಲ. ಕಿಟಕಿ ಹಾಕಿ, ಗಾಳಿ ಬರುತ್ತಿದೆ ಎನ್ನುವ ಹಾಗೆ ಹೇಳಿದರು. ಕಿಯಾಲ ಒಡೀಲ್ ಕಡೆ ನೋಡಿದ. ಒಡೀಲ್ ಕೈಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ಬೇಕಾದ್ರೆ ಇಟ್ಕೊಳ್ಳಿ ಪಪಾ ಮಾವುಂಗು. ನಾನು ಕೇಳ್ತೀನಿ ಅಷ್ಟೇ. ಅವನು ನನ್ನಪ್ಪ."

"ಫೋನಲ್ಲಮ್ಮ" ಎಂದರು ಮುದುಕ. "ನೀನು."

ಅವಳು ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಿಟ್ಟು, ಕುರ್ಚಿಗಳ ನಡುವೆ ನಡೆದು ಹೋದಳು. ಯಾರೂ ಅವಳನ್ನು ನೋಡಲಿಲ್ಲ. ಕೋಟು ಕುರ್ಚಿಯ ಮೇಲೇ ಉಳಿಯಿತು. ಹೊರಗೆ ಹಿಮ ಬೀಳುವ ಮುಂಚಿನ ಚಳಿ. ಬಾಗಿಲ ಗಾಜಿನಾಚೆ ಅವಳ ಬೆನ್ನು ನನಗೆ ಕಾಣುತ್ತಿತ್ತು. ಗಾಜು ದಪ್ಪ, ಮುದುಕನ ಧ್ವನಿ ಸಣ್ಣದು, ಅವಳಿಗೆ ಅದು ಕೇಳಿಸಿರಲು ಸಾಧ್ಯವಿಲ್ಲ. ನಾವು ನೂರಾರು ಜನ ಒಟ್ಟಿಗೆ ಕೊಟ್ಟ ಉತ್ತರಗಳು ಮಾತ್ರ ಕೇಳಿಸಿರಬೇಕು. ಪ್ರತಿ ಸಲ ನಾವು ಕೂಗಿದಾಗಲೂ ಅವಳ ತಲೆ ಸ್ವಲ್ಪ ಅಲುಗುತ್ತಿತ್ತು. ಉಳಿದರ್ಧವನ್ನು ಕೇಳಿ ಮೊದಲರ್ಧ ಯಾವುದೆಂದು ಊಹಿಸುತ್ತಿದ್ದಳು ಅಂತ ಕಾಣುತ್ತದೆ. ನಾನು ಅತ್ತೆ. ಪಪಾ ಲುತೆತೆಗಾಗಿ ಅಷ್ಟು ಅತ್ತಿರಲಿಲ್ಲ.

ಮಾತು ಮುಗಿದು ಬಟ್ಟಲು ಬಂತು. ನಾನೂ ಕುಡಿದೆ. ಆಮೇಲೆ ಅವಳನ್ನು ಒಳಗೆ ಕರೆದರು, ತಟ್ಟೆಗೆ ಊಟ ಬಡಿಸಿಕೊಟ್ಟರು, ಮಣ್ಣಿಗೆ ಹೋಗುವಾಗ ತೋಳು ಹಿಡಿದುಕೊಂಡರು. ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಈಗ ಅವಳು ನಿವೃತ್ತಳು. ಅವಳ ಪುಸ್ತಕ ಎರಡನೆಯ ಸಲ ಅಚ್ಚಾಗುವುದಿತ್ತು, ಅವಳೇ ಬೇಡವೆಂದಳು. ಮಂಗಳವಾರ ಮಂಗಳವಾರ ನನ್ನ ಅಂಗಡಿಗೆ ಬಂದು ಕೂರುತ್ತಾಳೆ, ಗುಂಡಿ ಹಚ್ಚಿಕೊಡುತ್ತಾಳೆ, ಕೆಟ್ಟದಾಗಿ ಹಚ್ಚುತ್ತಾಳೆ. ಬಹಳ ದಿನ ಏನನ್ನೂ ಕೇಳಲಿಲ್ಲ. ಹೋದ ವಾರ ಕೇಳಿದಳು.

"ಜೆರ್ಮೇನ್, ಅವತ್ತು ನನ್ನ ಹೆಸರು ಬಂತೇನೇ?"

"ಬಟ್ಟಲು ಕುಡಿದಿದ್ದೀನಿ ಕಣೇ ಒಡೀಲ್."

"ಗೊತ್ತು. ಏನಂದ್ರು ಅಂತ ಕೇಳ್ತಿಲ್ಲ. ನನ್ನ ಕ್ಷಮಿಸಿದ್ರೋ ಇಲ್ವೋ, ಅಷ್ಟೇ. ನೀನು ಬಾಯಿ ಬಿಡ್ಬೇಡ. ಸುಮ್ನೆ ತಲೆ ಆಡ್ಸು, ಸಾಕು."

ಅವಳ ಮುಖ ನೋಡಿದರೆ ತಲೆ ತಾನಾಗಿ ಆಡಿಬಿಡುತ್ತದೆಂದು ನನಗೆ ಭಯವಾಯಿತು. ಕುತ್ತಿಗೆ ಬಿಗಿಹಿಡಿದು, ಸೂಜಿಯ ಮೇಲೆ ಕಣ್ಣಿಟ್ಟು, ಹೊಲಿಯುತ್ತಲೇ ಇದ್ದೆ. ಅವಳು ಬಹಳ ಹೊತ್ತು ಕಾದಳು.