ಕೆಟ್ಟುಹೋದ ಕೆಂಪು ಅರಗು

ಲೇತಿನಲ್ಲಿ ತಿರುಗುವ ಮರದ ಗಿಲಕಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಬಿಸಿಗೆ ಕರಗಿ ಒಂದು ಕಮಟು ವಾಸನೆ ಏಳುತ್ತದೆ. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದಿದ್ದೇ ತಡ, ಚನ್ನಪಟ್ಟಣದ ಆ ಕನ್ನಡಕದ ಅಂಗಡಿಯವರು ನೆನಪಾದರು. ‘ಅವರು’ ಅನ್ನುವುದು ನಮ್ಮಮ್ಮ ಕಲಿಸಿದ ಮರ್ಯಾದೆ, ಅಷ್ಟೇ.

ಮೈಮೇಲೆ ಬಿಳಿ ಕೋಟು, ಜೇಬಲ್ಲಿ ಟಾರ್ಚು. ಮಾರುತ್ತಿದ್ದುದು ಕನ್ನಡಕ, ಗತ್ತು ದೊಡ್ಡಾಸ್ಪತ್ರೆಯದು. ಆಗ ಈ ಲೇತಿನ ಮುಂದೆ ಕೂರುತ್ತಿದ್ದ ನಮ್ಮತ್ತೆಯ ಕಣ್ಣುಗುಡ್ಡೆಗಳು ಥೈರಾಯ್ಡಿನಿಂದ ಉಬ್ಬಿದಾಗ, ಮಾತ್ರೆ ಬರೆದ ಡಾಕ್ಟರು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋಗಿ ಅಂದಿದ್ದರು. ನಾವು ಹೋಗಿದ್ದು ಈ ಮಹಾನುಭಾವರ ಹತ್ತಿರ. ಅವರು ತಿಂಗಳಿಗೊಮ್ಮೆ ಅತ್ತೆಯ ಕೆನ್ನೆಗೆ ಪ್ಲಾಸ್ಟಿಕ್ ಸ್ಕೇಲು ಒತ್ತಿ, ಉಬ್ಬು ಅಳೆದು ಬರೆದಿಡುತ್ತಿದ್ದರು. ಉಬ್ಬು ಹೆಚ್ಚಿಲ್ಲ, ಹಾಗಾಗಿ ಕಾಯಿಲೆಯೂ ಹೆಚ್ಚಿಲ್ಲ. ಅಷ್ಟೇ ಅವರ ವಿದ್ಯೆ.

ಮೂರನೇ ಸಲ ಹೋದಾಗ ಮಾತಿನ ನಡುವೆ ಅತ್ತೆ ಅಂದಳು:

“ಈಚೆಗೆ ಕೆಂಪು ಅರಗೇ ಸರಿಯಿಲ್ಲ ಸಾ. ಇಟ್ಟಿಗೆ ಬಣ್ಣ ಬತ್ತೈತೆ.”

“ಅಂಗಡಿ ಬದಲಾಯ್ಸಮ್ಮ,” ಅಂತ ಅವರು ಕಿಸಕ್ಕನೆ ನಕ್ಕರು.

ಥೂ, ನಾನೂ ನಕ್ಕೆ. ಜೀವನವೆಲ್ಲ ಅರಗು ಹಿಡಿದ ಕೈ ಅದು, ನನಗಾದರೂ ಹೊಳೆಯಬೇಡವೇ? ಅತ್ತೆ ನಿಜವಾಗಿಯೂ ಅರಗು ತರುವ ಅಂಗಡಿ ಬದಲಾಯಿಸಿದಳು. ಒಂದಲ್ಲ, ಎರಡು ಸಲ. ಒಳ್ಳೆಯ ಅರಗನ್ನೇ ಕೆಟ್ಟದ್ದೆಂದು ತಿಪ್ಪೆಗೆ ಎಸೆದಳು...

ಎಡಗಣ್ಣು ಪೂರಾ ಮಂಜಾದ ಮೇಲೆ ಬೆಂಗಳೂರಿಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಮೊದಲು ಉಬ್ಬು ಅಳೆಯಲಿಲ್ಲ. ಔಷಧಿ ಬಾಟಲಿಯ ಕೆಂಪು ಮುಚ್ಚಳ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ, ಬಣ್ಣ ಹೇಗೆ ಕಾಣುತ್ತೆ ಎಂದು ಕೇಳಿದರು. ಎಡಗಣ್ಣಿಗೆ ಇಟ್ಟಿಗೆ ಬಣ್ಣ. ಉಬ್ಬು ಎಷ್ಟಿದ್ದರೂ ಇರಲಿ, ಬಣ್ಣ ಮಾಸಿತು ಅಂದರೆ ಒಳಗೆ ಕಣ್ಣಿನ ನರ ಒತ್ತಿಕೊಂಡಿರಬಹುದು, ಅದೇ ದೊಡ್ಡ ಅಪಾಯ, ಮಾಸಿದ ದಿನವೇ ಬರಬೇಕಿತ್ತು ಅಂದರು.

ಅತ್ತೆ ನನ್ನ ಕಡೆ ತಿರುಗಿದಳು. “ಹಂಗಾರೆ ಅರಗು ಚೆನ್ನಾಗೇ ಇತ್ತೇನ್ಲಾ?”

ಇಂಜೆಕ್ಷನ್ನು, ಆಪರೇಷನ್ನು ಎಲ್ಲ ಆಗಿ ಬಲಗಣ್ಣು ಉಳಿಯಿತು. ಎಡಗಣ್ಣು ಪೂರಾ ತಿಳಿಯಾಗಲೇ ಇಲ್ಲ. ಅಂಗಡಿಯವರು ಹೋದ ವರ್ಷ ತೀರಿಕೊಂಡರು. ಎಂಥಾ ಕೈಗುಣ ಅಂತ ಬೀದಿಯವರೆಲ್ಲ ಕೊಂಡಾಡಿದರು. ನಾನು ಆ ಕಡೆ ತಲೆ ಹಾಕಲಿಲ್ಲ. ಅವರ ಮೇಲಿನ ಅಸಹ್ಯ ಇನ್ನೂ ಇಳಿದಿಲ್ಲ, ನನ್ನ ಮೇಲಿನದೂ ಅಷ್ಟೇ.

ಈಗ ಲೇತಿನ ಮುಂದೆ ಕೂರುವವನು ನಾನು. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡಿರುತ್ತಾಳೆ. ನಾನು ಇಳಿಸಿದ ಪ್ರತಿ ಕೆಂಪು ಗಿಲಕಿಯನ್ನೂ ಎತ್ತಿಕೊಂಡು, ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡುತ್ತಾಳೆ. ಆಮೇಲೆ ಅಂಗೈ ತೆಗೆದು ನೋಡುತ್ತಾಳೆ.

“ಕೆಂಪಾಗೇ ಐತೆ,” ಅಂತ ಬುಟ್ಟಿಗೆ ಹಾಕುತ್ತಾಳೆ. ನಾನು ತಲೆ ಎತ್ತುವುದಿಲ್ಲ.